ಸೀಪೇಜ್ ಹುಡುಕೋದು ಹೇಗೆ? ಪೇಂಟ್ ಹೊಡೆಯೋಕೆ ಮುಂಚೆ ನೀರಿನ ಮೂಲ ಹಿಡೀರಿ

ವಿಡಿಯೋ ನೋಡೋಕೆ ಟೈಮ್ ಇಲ್ಲದವರಿಗೆ ಅಂತ, ಮಾತಾಡಿದ್ದನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕಿದೀನಿ.

ಸಾಂತಾಕ್ರೂಜ್, ವಕೋಲಾ, ಕಲೀನಾ ಕಡೆ ಹಳೇ ಸೊಸೈಟಿಗಳಲ್ಲಿ ಬಾಡಿಗೆಗೆ ಇರೋ ನಮ್ಮವರು ಮಳೆಗಾಲದಲ್ಲಿ ಕೇಳೋ ಪ್ರಶ್ನೆ ಒಂದೇ: "ಸೀಲಿಂಗಲ್ಲಿ ಹಳದಿ ಕಲೆ ಬಂದಿದೆ, ಓನರ್ ಪೇಂಟ್ ಹೊಡಿಸ್ತೀನಿ ಅಂತಾರೆ, ಸಾಕಾ?" ಸಾಕಾಗಲ್ಲ. ನೀರು ಬರೋದು ನಿಲ್ಲದೆ ಪೇಂಟ್ ಹೊಡೆದ್ರೆ ಮುಂದಿನ ಜುಲೈಗೆ ಕಲೆ ಮತ್ತೆ ಹಾಜರ್.

ಇಲ್ಲಿನ ಮಳೆ ಎಂಥದ್ದು ಅಂತ ಒಂದು ಲೆಕ್ಕ ನೋಡಿ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ದಾಖಲಾಯ್ತು. ಬೆಂಗಳೂರಿಗೆ ಇಡೀ ವರ್ಷ ಬೀಳೋ ಮಳೆಗೆ ಹತ್ತಿರ ಹತ್ತಿರ ಅಷ್ಟು. ಅದೇ ದಿನ ಕೊಲಾಬಾದಲ್ಲಿ ಬಿದ್ದಿದ್ದು 73 ಮಿಲಿಮೀಟರ್ ಮಾತ್ರ. ಅದೇನೋ ಅಪರೂಪದ ದಿನ. ಆದ್ರೆ ಮಾಮೂಲಿ ವರ್ಷದಲ್ಲೂ ಸಾಂತಾಕ್ರೂಜ್‌ಗೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ 2,000 ಮಿಲಿಮೀಟರ್‌ಗಿಂತ ಹೆಚ್ಚೇ ಮಳೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ರೂ ನೀರು ದಾರಿ ಮಾಡ್ಕೊಳ್ಳುತ್ತೆ.

ಕಲೆ ಇರೋ ಜಾಗ ಬೇರೆ, ಲೀಕ್ ಇರೋ ಜಾಗ ಬೇರೆ

ಮಲೆನಾಡು, ಕರಾವಳಿ ಕಡೆಯವರಿಗೆ ಇದು ಗೊತ್ತಿರುತ್ತೆ. ಹಂಚು ಒಡೆದಾಗ ನೀರು ರೀಪಿನ ಗುಂಟ ಹರಿದು ಎಲ್ಲೋ ಒಂದು ಕಡೆ ತೊಟ್ಟಿಕ್ಕುತ್ತೆ. ಹಂಚು ಸರಿ ಮಾಡೋರು ಹನಿ ಬಿದ್ದ ಜಾಗ ನೋಡಿ ಸುಮ್ನಾಗಲ್ಲ, ಮೇಲಕ್ಕೆ ಹುಡುಕ್ಕೊಂಡು ಹೋಗ್ತಾರೆ. ಕಾಂಕ್ರೀಟ್ ಸ್ಲ್ಯಾಬಲ್ಲೂ ಅಷ್ಟೇ. ಮೇಲಿನ ಮನೆ ಬಾತ್‌ರೂಮ್ ನೀರು ಟೈಲ್ಸ್ ಕೆಳಗೆ ಹರಿದು ನಿಮ್ಮ ಹಾಲ್‌ನಲ್ಲಿ ಕಾಣಿಸ್ಕೋಬಹುದು.

ಮೊದಲು ಒಂದು ವಾರ ಗಮನಿಸಿ

ಕಲೆಯ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೀರಿ. ದಿನಾ ಒಂದು ಫೋಟೋ ತೆಗೀರಿ. ಯಾವಾಗ ಬೆಳೆಯುತ್ತೆ ಅನ್ನೋದೇ ಮುಖ್ಯ ಸುಳಿವು.

ಮಳೆ ಬಂದಾಗ ಮಾತ್ರ ಬೆಳೆದ್ರೆ ಟೆರೇಸ್, ಹೊರಗೋಡೆ, ಕಿಟಕಿ, ಛಜ್ಜಾ ಇವುಗಳ ಮೇಲೆ ಅನುಮಾನ. ಮಳೆ ಇರ್ಲಿ ಬಿಡ್ಲಿ, ಒಂದೇ ಸಮ ಒದ್ದೆ ಇದ್ರೆ ಗೋಡೆಯೊಳಗಿನ ನೀರಿನ ಪೈಪ್. ಬೆಳಗ್ಗೆ ಸ್ನಾನದ ಹೊತ್ತಾದ್ಮೇಲೆ ಜಾಸ್ತಿಯಾಗಿ, ಮೇಲಿನ ಮನೆಯವರು ಊರಿಗೆ ಹೋದಾಗ ಒಣಗಿದ್ರೆ, ಅವರ ನಹಾನಿ ಟ್ರ್ಯಾಪ್, ಡ್ರೈನೇಜ್ ಪೈಪ್ ಅಥವಾ ಟೈಲ್ಸ್ ಸಂದು.

ಆಮೇಲೆ ಒಂದೊಂದೇ ಪರೀಕ್ಷೆ

ಕೋಡಲ್ಲಿ ನಾಲ್ಕು ಕಡೆ ಒಟ್ಟಿಗೆ ಬದಲಾಯಿಸಿದ್ರೆ ಬಗ್ ಎಲ್ಲಿತ್ತು ಅಂತ ಗೊತ್ತಾಗಲ್ಲ. ಇಲ್ಲೂ ಹಾಗೇ, ಒಂದು ಸಲಕ್ಕೆ ಒಂದೇ.

1. ಪ್ಲಾಸ್ಟಿಕ್ ಪರೀಕ್ಷೆ: ಒದ್ದೆ ಜಾಗದ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆ ಕಡೆ ಹನಿಗಟ್ಟಿದ್ರೆ ನೀರು ಒಳಗಿಂದ ಬರ್ತಿದೆ. ಹೊರಮೈ ಮೇಲೆ ಹನಿ ಇದ್ರೆ ಅದು ಗಾಳಿಯ ತೇವ. ಎಸಿ ರೂಮಿನ ಗೋಡೆಗಳಲ್ಲಿ ಇದು ಮಾಮೂಲು.

2. ಪೈಪ್ ಪರೀಕ್ಷೆ: ಮುಂಬೈಯಲ್ಲಿ ಹೆಚ್ಚಿನ ಕಡೆ ಮೀಟರ್ ಇಡೀ ಬಿಲ್ಡಿಂಗ್‌ಗೆ ಒಂದೇ, ಹಾಗಾಗಿ ಮೀಟರ್ ನೋಡಿ ನಿಮ್ಮ ಲೀಕ್ ಹಿಡಿಯೋಕಾಗಲ್ಲ. ಪ್ಲಂಬರ್ ಹತ್ರ ಕೈಪಂಪಿನ ಪ್ರೆಶರ್ ಗೇಜ್ ಇರುತ್ತೆ. ಲೈನ್ ಮುಚ್ಚಿ ಒತ್ತಡ ಕೊಟ್ಟಾಗ ಮುಳ್ಳು ಇಳೀತಾ ಹೋದ್ರೆ ಪೈಪ್ ಲೀಕ್.

3. ಬಣ್ಣದ ನೀರು: ಮೇಲಿನ ಮನೆಯವರನ್ನ ಕೇಳ್ಕೊಂಡು ನಹಾನಿ ಟ್ರ್ಯಾಪ್ ಬಟ್ಟೆಯಿಂದ ಮುಚ್ಚಿ, ಅಡುಗೆ ಬಣ್ಣ ಹಾಕಿದ ನೀರು ಒಂದಿಂಚು ನಿಲ್ಲಿಸಿ, ಒಂದು ದಿನ ಕಾಯಿರಿ. ಆಗ ಒದ್ದೆ ಜಾಸ್ತಿಯಾದ್ರೆ ನೀರು ನೆಲದಿಂದ ಇಳೀತಿದೆ. ಏನೂ ಆಗದಿದ್ರೆ ಬಟ್ಟೆ ತೆಗೆದು ನೀರು ಹರಿಯೋಕೆ ಬಿಡಿ. ಆಗ ಹೆಚ್ಚಾದ್ರೆ ಟ್ರ್ಯಾಪ್ ಅಥವಾ ಅದರ ಪೈಪ್. ಬಣ್ಣ ಕಾಣಿಸ್ಲಿಲ್ಲ ಅಂತ "ಲೀಕ್ ಇಲ್ಲ" ಅನ್ಬೇಡಿ, ಕಾಂಕ್ರೀಟ್ ಬಣ್ಣ ಸೋಸಿಬಿಡಬಹುದು. ಒದ್ದೆ ಹೆಚ್ಚಾಯ್ತಾ ಅನ್ನೋದು ನೋಡಿ.

4. ಹೋಸ್ ಪರೀಕ್ಷೆ: ಮಳೆ ನಿಂತು ಗೋಡೆ ಒಣಗಿದ ಮೇಲೆ ಹೊರಗೋಡೆಗೆ ಕೆಳಗಿಂದ ಶುರು ಮಾಡಿ, ಒಂದೊಂದು ಭಾಗಕ್ಕೆ 15-20 ನಿಮಿಷ ನೀರು ಬಿಡ್ತಾ ಮೇಲಕ್ಕೆ ಹೋಗಿ. ಮೇಲಿಂದ ಶುರು ಮಾಡಿದ್ರೆ ನೀರು ಇಳಿದು ಎಲ್ಲಾ ಕಲಸುಮೇಲೋಗರ.

ರಿಪೇರಿ ಯಾವ ಕಡೆಯಿಂದ?

ಯಾವಾಗ್ಲೂ ನೀರು ಒಳಗೆ ಹೋಗೋ ಕಡೆಯಿಂದ. ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದ್ರೆ ಕಲೆ ಮುಚ್ಚುತ್ತೆ, ಸ್ಲ್ಯಾಬ್ ಒಳಗೆ ನೀರು ಹಾಗೇ ಇರುತ್ತೆ. ಬಾತ್‌ರೂಮ್ ಆದ್ರೆ ಟ್ರ್ಯಾಪ್ ಜಾಯಿಂಟ್ ಸರಿ ಮಾಡಿ, ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿ. ಕಿಟಕಿ ಆದ್ರೆ ಹಳೇ ಸಿಲಿಕಾನ್ ಪೂರ್ತಿ ಕೆರೆದು ಹೊಸದು ಹಾಕಿ, ಕೆಳಗಿನ ಕಲ್ಲು ಹೊರಗಡೆ ಇಳಿಜಾರಿದೆಯಾ ನೋಡಿ. ಪೇಂಟ್ ಮಾತ್ರ ಗೋಡೆ ಪೂರ್ತಿ ಒಣಗಿದ ಮೇಲೇ, ಅದಕ್ಕೆ ವಾರಗಟ್ಟಲೆ ಬೇಕು.

ದುಡ್ಡು ಯಾರು ಕೊಡ್ಬೇಕು?

ಮೂಲ ಹುಡುಕೋದು ಇದಕ್ಕೇ ಮುಖ್ಯ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ಮಳೆನೀರಿನ ಲೀಕೇಜ್, ಟೆರೇಸ್, ಹೊರಗಿನ ಕಾಮನ್ ಪೈಪ್ ಇವು ಸೊಸೈಟಿ ಖರ್ಚು. ಫ್ಲ್ಯಾಟ್ ಒಳಗಿನ ಟಾಯ್ಲೆಟ್, ಸಿಂಕ್ ಲೀಕ್ ಆ ಫ್ಲ್ಯಾಟ್ ಮಾಲೀಕರದ್ದು. ತಾರೀಕಿರೋ ಫೋಟೋ, ಪರೀಕ್ಷೆ ಫಲಿತಾಂಶ ಇಟ್ಕೊಂಡು ಸೆಕ್ರೆಟರಿಗೆ ಬರವಣಿಗೆಯಲ್ಲಿ ಕೊಟ್ರೆ ಜಗಳ ಕಮ್ಮಿ. ನೀವು ಬಾಡಿಗೆದಾರರಾದ್ರೆ ಓನರ್ ಮೂಲಕ ಕೊಡಿಸಿ. ಮನೆಗೆ ಬಂದ ಮೊದಲ ದಿನವೇ ಎಲ್ಲಾ ಗೋಡೆ, ಸೀಲಿಂಗ್ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಡಿಪಾಸಿಟ್ ವಾಪಸ್ ಕೇಳುವಾಗ ಅದೇ ಸಾಕ್ಷಿ.

ಕೊನೆಗೆ, ಮುಂದೂಡಬಾರದ ಎರಡು ವಿಷಯ. ಸ್ವಿಚ್‌ಬೋರ್ಡ್ ಹತ್ರ ಒದ್ದೆ ಇದ್ರೆ ಅದನ್ನ ಮುಟ್ಟದೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೀರಿ. ಸೀಲಿಂಗಲ್ಲಿ ಕಂದು ತುಕ್ಕಿನ ಗೆರೆ ಕಂಡ್ರೆ, ತಟ್ಟಿದಾಗ ಟೊಳ್ಳು ಶಬ್ದ ಬಂದ್ರೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿರಬಹುದು. ಅದು ಕಾಂಕ್ರೀಟನ್ನೇ ಒಡೆದು ಕೆಳಗೆ ಬೀಳಿಸುತ್ತೆ. ಅದರ ಕೆಳಗೆ ಮಂಚ, ತೊಟ್ಟಿಲು ಇಡಬೇಡಿ, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರ್ಸಿ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಮಾಡಿಸೋದು ಮುಂಬೈ ಪಾಲಿಕೆ ಕಾಯ್ದೆಯಲ್ಲೇ ಕಡ್ಡಾಯ. ನಿಮ್ಮ ಸೊಸೈಟಿದು ಆಗಿದೆಯಾ ಅಂತ ಓನರ್ ಮೂಲಕ ವಿಚಾರಿಸಿ.

ನಿಮ್ಮ ಮನೆ ಕಲೆ ಯಾವ ಹೊತ್ತಲ್ಲಿ ಬೆಳೆಯುತ್ತೆ ಅಂತ ಬರೆದು ತಿಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.