ಎದುರಿಗೆ ಓಡಿಬರುವ ಮುಧೋಳ

ಮುಧೋಳ ನಾಯಿ ಮೈದುಂಬಿ ಓಡುವಾಗ ಒಂದೊಂದು ದಾಪುಗಾಲಿಗೂ ಎರಡೆರಡು ಸಲ ನೆಲ ಬಿಡುತ್ತದೆ. ಒಮ್ಮೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಪೂರ್ತಿ ಚಾಚಿ ಗಾಳಿಯಲ್ಲಿರುತ್ತದೆ. ಮರುಗಳಿಗೆಯಲ್ಲೇ ಬೆನ್ನು ಬಾಗಿ, ನಾಲ್ಕೂ ಕಾಲು ಹೊಟ್ಟೆಯಡಿ ಕೂಡಿ, ಮತ್ತೆ ಗಾಳಿಯಲ್ಲಿ. ನಾಗಾಲೋಟದ ಕುದುರೆಗೆ ಇರುವುದು ಈ ಎರಡನೆಯ ಹಾರಿಕೆ ಮಾತ್ರ. ಆಳವಾದ ಎದೆ, ಒಳಸರಿದ ಹೊಟ್ಟೆ, ಸಪೂರ ಕಾಲು, ನೀಳ ಮೂತಿ ಇವೆಲ್ಲ ಯಾತಕ್ಕೆಂದು ತಿಳಿಯುವುದು ಆಗಲೇ. ನಿಂತಾಗ ಬಡಕಲು ಅನ್ನಿಸುವ ಮೈ ಓಟದಲ್ಲಿ ತನ್ನ ರೂಪಕ್ಕೆ ಬರುತ್ತದೆ. ಆದರೂ ನಾವು ನೋಡುವ ಮುಧೋಳದ ಫೋಟೊಗಳಲ್ಲಿ ಹೆಚ್ಚಿನವು ಹಗ್ಗ ಹಿಡಿದು ನಿಲ್ಲಿಸಿ ತೆಗೆದವು.

ಓಟವನ್ನು ಹಿಡಿಯಬೇಕೆಂಬ ಹಂಬಲ ಹತ್ತಿದವರಿಗೆ ಇಂದಲ್ಲ ನಾಳೆ ಕ್ಯಾಮೆರಾ ಬದಲಿಸುವ ಯೋಚನೆ ಬರುತ್ತದೆ. ಬಾಡಿ, ಲೆನ್ಸ್ ಎಲ್ಲ ಮಾರಿ ಬೇರೆ ಕಂಪನಿಗೆ ಹೋಗುವುದೇ? ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್ ಕೊಳ್ಳುವುದೇ? ಸಣ್ಣ ಮೊತ್ತದ ಮಾತಲ್ಲ ಇದು. ನನ್ನ ಮಟ್ಟಿಗೆ ಈ ನಿರ್ಧಾರ ನಿಲ್ಲಬೇಕಾದ್ದು ಒಂದೇ ಪ್ರಶ್ನೆಯ ಮೇಲೆ: ನಿಮಗೆ ಬೇಕಾದ ಚಿತ್ರದಲ್ಲಿ ನಾಯಿ ಅಡ್ಡ ಓಡುತ್ತದೆಯೋ, ಎದುರಿಗೆ ಬರುತ್ತದೆಯೋ?

ಅಡ್ಡ ಓಡುವ ಪ್ರಾಣಿಯ ಸಮಸ್ಯೆ 19ನೇ ಶತಮಾನದಲ್ಲೇ ಬಗೆಹರಿದಿದೆ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ಹಾದಿಯ ಪಕ್ಕ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟ. ಕುದುರೆ ಹಾದುಹೋದಂತೆ ಒಂದೊಂದೇ ಶಟರ್ ಬಿದ್ದು, ಅದರ ನಾಲ್ಕೂ ಕಾಲು ನೆಲ ಬಿಡುವುದು ಜಗತ್ತಿಗೆ ಕಾಣಿಸಿತು. 1887ರಲ್ಲಿ ಹೊರಬಂದ ಅವನ ‘ಅನಿಮಲ್ ಲೋಕೊಮೋಷನ್’ ಸಂಪುಟಗಳಲ್ಲಿ ಓಡುವ ನಾಯಿಗಳೂ ಇವೆ. ಪಕ್ಕದಿಂದ ನೋಡಿದಾಗ ಪ್ರಾಣಿಗೂ ಕ್ಯಾಮೆರಾಕ್ಕೂ ನಡುವಿನ ದೂರ ಅಷ್ಟಾಗಿ ಬದಲಾಗುವುದಿಲ್ಲ. ಫೋಕಸ್ ಮೊದಲೇ ಮಾಡಿಟ್ಟರೂ ನಡೆಯುತ್ತದೆ. ಈ ಕೆಲಸಕ್ಕೆ 2016ರ ನಿಕಾನ್ ಡಿ500, 2014ರ ಕ್ಯಾನನ್ 7ಡಿ ಮಾರ್ಕ್ 2 ಇವತ್ತಿಗೂ ಗಟ್ಟಿ. ಎರಡೂ ಸೆಕೆಂಡಿಗೆ 10 ಫ್ರೇಮ್ ತೆಗೆಯುತ್ತವೆ. ಅಂಥದ್ದು ಕೈಯಲ್ಲಿದ್ದು, ಅಡ್ಡ ಓಟದ ಚಿತ್ರಗಳೇ ಸಾಕೆನ್ನುವವರು ಮಾರುವ ಯೋಚನೆ ಬಿಡಬಹುದು. ಶಟರ್ ವೇಗ 1/2000 ಇರಲಿ, ಹೊಸ ಸಾಲ ಬೇಡ.

ಎದುರಿಗೆ ಬರುವ ನಾಯಿಯ ಲೆಕ್ಕವೇ ಬೇರೆ. ಗಂಟೆಗೆ 54 ಕಿಲೊಮೀಟರ್ ವೇಗ ಎಂದು ಹಿಡಿಯಿರಿ, ಸೆಕೆಂಡಿಗೆ 15 ಮೀಟರ್ ಆಯಿತು. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 200 ಎಂ.ಎಂ. ಲೆನ್ಸ್ ಹಾಕಿ ಎಫ್/2.8ರಲ್ಲಿ ತೆರೆದರೆ, 10 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವ ಪಟ್ಟಿ ಸುಮಾರು 40 ಸೆಂಟಿಮೀಟರ್. ನಾಯಿ ಅದನ್ನು ದಾಟಲು 1/35 ಸೆಕೆಂಡ್ ಸಾಕು. 5 ಮೀಟರಿಗೆ ಬರುವಷ್ಟರಲ್ಲಿ ಆ ಪಟ್ಟಿ 10 ಸೆಂಟಿಮೀಟರಿಗೆ ಇಳಿದಿರುತ್ತದೆ. ಮುಧೋಳದ ಮೂತಿ ಎಷ್ಟು ಉದ್ದವೆಂದರೆ, ಮೂಗಿನ ತುದಿ ಚೊಕ್ಕವಾಗಿ ಬಂದು ಕಣ್ಣು ಮಸುಕಾಗುವುದು ಇಲ್ಲೇ. ಕಣ್ಣು ಮಸುಕಾದ ಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಹುಡುಕುವ ಭಾಗ ಸೆನ್ಸರಿನಿಂದ ಬೇರೆಯಾಗಿ, ಕನ್ನಡಿಯ ಕೆಳಗೆ ಇರುತ್ತದೆ. ಪ್ರತಿ ಫ್ರೇಮಿಗೂ ಕನ್ನಡಿ ಮೇಲೇಳುತ್ತದೆ. ಆ ಗಳಿಗೆ ವ್ಯೂಫೈಂಡರ್ ಕತ್ತಲು, ಫೋಕಸ್ಸಿಗೂ ಕಣ್ಣಿಲ್ಲ. ಎರಡು ಫ್ರೇಮುಗಳ ನಡುವೆ ನಾಯಿ ಒಂದೂವರೆ ಮೀಟರ್ ಮುಂದೆ ಬಂದಿರುತ್ತದೆ. ಡಿ500ರಲ್ಲಿ 153 ಫೋಕಸ್ ಬಿಂದುಗಳಿದ್ದರೂ ಇದು ಕಣ್ಣು, ಇದು ಕೊರಳಪಟ್ಟಿ ಎಂಬ ಗುರುತು ಅವಕ್ಕಿಲ್ಲ. ಸರಿಯಾದ ಬಿಂದುವನ್ನು ಕಣ್ಣಿನ ಮೇಲೇ ಇಡುವ ಹೊಣೆ ತೆಗೆಯುವವನ ಕೈಯದು. ನುರಿತವರು ಅದನ್ನೂ ಸಾಧಿಸಿದ್ದಾರೆ, ಆದರೆ ಅವರ ಗಮನವೆಲ್ಲ ಆ ಚುಕ್ಕೆಗೇ ಹೋಗುತ್ತಿತ್ತು.

ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ. ಹಾಗಾಗಿ ಇಡೀ ದೃಶ್ಯದಲ್ಲಿ ಕಣ್ಣು ಎಲ್ಲಿದೆ ಎಂದು ಗುರುತಿಸಿ ಬೆನ್ನುಹತ್ತುವುದು ಸಾಧ್ಯವಾಯಿತು. 2019ರಲ್ಲಿ ಸೋನಿ ಪ್ರಾಣಿಗಳ ಕಣ್ಣು ಹಿಡಿಯುವ ಸೌಲಭ್ಯ ತಂದಿತು. 2020ರಲ್ಲಿ ಕ್ಯಾನನ್ ಆರ್5, ಆರ್6 ಬಂದವು. 2021ರಲ್ಲಿ ನಿಕಾನ್ ಝಡ್9. ಕಂಪನಿಗಳ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ, ಮೂರೂ ಈ ಕೆಲಸಕ್ಕೆ ಒದಗುತ್ತವೆ. ದೊಡ್ಡ ಲಾಭ ಫ್ರೇಮುಗಳ ಸಂಖ್ಯೆಯದಲ್ಲ. ಚುಕ್ಕೆಯ ಚಿಂತೆ ತಪ್ಪಿ ನಾಯಿಯನ್ನೇ ನೋಡಬಹುದು: ಕಿವಿ ಎತ್ತ ಮಡಚಿದೆ, ಯಾವ ಹೆಜ್ಜೆಗೆ ಮೈ ಹಾರುತ್ತದೆ, ಬೆಳಕು ಮುಖದ ಯಾವ ಮಗ್ಗುಲಿಗೆ ಬೀಳುತ್ತಿದೆ. ಇಷ್ಟಕ್ಕಾಗಿಯಾದರೂ ಎದುರೋಟ ತೆಗೆಯುವವರು ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಎಚ್ಚರ ಬೇಕು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುತ್ತದೆ. ಓದು ನಿಧಾನವಾದ ಕ್ಯಾಮೆರಾದಲ್ಲಿ ಅಡ್ಡ ಓಡುವ ನಾಯಿಯ ಕಾಲುಗಳು ಸೊಟ್ಟಗೆ ಬರುತ್ತವೆ. ಅಂಥ ಕಡೆ ಮೆಕ್ಯಾನಿಕಲ್ ಶಟರನ್ನೇ ಬಳಸಬೇಕು. ಝಡ್9ರಂಥ ಸ್ಟ್ಯಾಕ್ಡ್ ಸೆನ್ಸರಿನವು ವೇಗವಾಗಿ ಓದುತ್ತವೆ. 2023ರಲ್ಲಿ ಪ್ರಕಟವಾದ ಸೋನಿ ಎ9 3 ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುತ್ತದೆ, ಬೆಲೆಯೂ ಹಾಗೇ ಇದೆ. ನಿಮ್ಮಲ್ಲಿ ಒಳ್ಳೆಯ 70-200 ಲೆನ್ಸ್ ಇದ್ದರೆ ಅದೇ ಕಂಪನಿಯ ಅಡಾಪ್ಟರಿನಲ್ಲಿ ಮೊದಲು ಹೊಸ ಕ್ಯಾಮೆರಾಕ್ಕೆ ಹಾಕಿ ನೋಡಿ. ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಕ್ಯಾಮೆರಾ ಕೊಡುವವರಿದ್ದಾರೆ. ನಿಮ್ಮದೇ ನಾಯಿಯ ಮೇಲೆ ನೋಡದೆ ಹಳೆಯದನ್ನು ಮಾರಬೇಡಿ.

ಇನ್ನು ಹೊಲದ ಕೆಲಸ. ಬೆಳಗಿನ ಎಳೆಬಿಸಿಲಿನಲ್ಲೇ ಮುಗಿಸಬೇಕು. ಬಿಸಿಲೇರಿದ ಮೇಲೆ ನಾಯಿಯನ್ನು ಓಡಿಸುವುದು ಹಿಂಸೆ. ಮುಧೋಳ ಸೀಮೆಯ ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಆ ಸಂದಿಗೆ ಕಾಲು ಸಿಕ್ಕರೆ ಮುರಿಯಬಹುದು. ಕಬ್ಬು ಕಡಿದ ಹೊಲದ ಕೂಳೆ ಪಾದಕ್ಕೆ ಚುಚ್ಚುತ್ತದೆ. ನೆಲವನ್ನು ಮೊದಲು ನಡೆದು ನೋಡಿ. ಒಬ್ಬರು ನಾಯಿ ಹಿಡಿದು ದೂರ ನಿಲ್ಲಲಿ. ಸಾಕಿದವರು ನಿಮ್ಮ ಬೆನ್ನ ಹಿಂದೆ, ಕೊಂಚ ಪಕ್ಕಕ್ಕೆ ನಿಂತು ಕರೆಯಲಿ. ನೀವು ನೆಲಕ್ಕೆ ಮಲಗಿ, ಕ್ಯಾಮೆರಾ ನಾಯಿಯ ಎದೆಮಟ್ಟಕ್ಕಿರಲಿ. ಎರಡು ಮೂರು ಓಟಕ್ಕೆ ನಿಲ್ಲಿಸಿ, ನೆರಳು, ನೀರು ಕೊಡಿ. ದಣಿದ ನಾಯಿಯ ಓಟ ಚಿತ್ರದಲ್ಲೂ ದಣಿದೇ ಇರುತ್ತದೆ.

ಇಷ್ಟೆಲ್ಲ ಯಾಕೆ ಎಂದರೆ, ಈ ತಳಿ ರೂಪುಗೊಂಡದ್ದೇ ಓಟದಿಂದ. ಬೇಡರ ಬಳಿಯಿದ್ದ ಬೇಟೆನಾಯಿಗಳನ್ನು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮೆಚ್ಚಿ ಪೋಷಿಸಿದರು. ಯಾವ ನಾಯಿ ಒಳ್ಳೆಯದೆಂದು ಆಗ ಬಯಲೇ ಹೇಳುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇಲೆ ಬೇಟೆ ನಿಂತಿತು, ನಿಲ್ಲಬೇಕಾದ್ದೇ. ಆದರೆ ಅದರೊಡನೆ ಓಟ ನೋಡಿ ಆರಿಸುವ ರೂಢಿಯೂ ಸಡಿಲವಾಯಿತು. ಈಗ ಮರಿಗಳ ವ್ಯಾಪಾರ ನಿಂತ ನಾಯಿಯ ಫೋಟೊ ನೋಡಿಯೇ ನಡೆಯುತ್ತದೆ. ಎದುರೋಟದ ಒಂದು ಸ್ಪಷ್ಟ ಚಿತ್ರಮಾಲೆಯಲ್ಲಿ ಮೊಣಕೈ ಹೊರಕ್ಕೆ ತಿರುಗುತ್ತದೆಯೇ, ಹಿಂಗಾಲು ನೇರ ಬರುತ್ತದೆಯೇ, ಎಡಬಲ ಸಮನಾಗಿ ಭಾರ ಹೊರುತ್ತದೆಯೇ ಎಂಬುದು ಕಾಣುತ್ತದೆ. ಮುಧೋಳ ತಾಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವೂ ಸುತ್ತಲಿನ ಹಳ್ಳಿಗಳಲ್ಲಿ ಮರಿ ಮಾಡಿಸುವ ಮನೆತನಗಳೂ ಪ್ರತಿ ನಾಯಿಯ ದಾಖಲೆಯೊಡನೆ ಇಂಥ ಚಿತ್ರಗಳನ್ನು ಇಡಲಿ. ಮರಿ ಕೊಳ್ಳಲು ಬಂದವರು ತಂದೆತಾಯಿಯ ಓಟದ ಚಿತ್ರ ತೋರಿಸಿ ಎಂದು ಕೇಳಲಿ. ಫೋಟೊಗ್ರಾಫರುಗಳು ಒಂದೆರಡು ಭಾನುವಾರ ಅಲ್ಲಿಗೆ ಹೋಗಿ ತೆಗೆದುಕೊಟ್ಟು ಬರಲಿ.