ಬಹುದು, ಬೇಕು, ಬಾರದು

ತಿರುಮಕೂಡಲು ನರಸೀಪುರದಲ್ಲಿ ನಾನು ಇಂಗ್ಲಿಷ್ ಉಪಾಧ್ಯಾಯನಾಗಿದ್ದ ಕಾಲದ ಮಾತು. ಕಪಿಲೆಯು ಕಾವೇರಿಯನ್ನು ಕೂಡುವ ಊರು ಅದು. ಬೀಚನಹಳ್ಳಿಯಲ್ಲಿ ಆ ನದಿಗೆ ಕಟ್ಟಿದ ಕಬಿನಿ ಅಣೆಕಟ್ಟಿನ ಕೆಲಸ 1974ರಲ್ಲಿ ಮುಗಿದಿತ್ತು. ಮಳೆಗಾಲದಲ್ಲಿ ಅಲ್ಲಿಂದ ಬಿಟ್ಟ ನೀರು ನಂಜನಗೂಡನ್ನು ಹಾದು, ನಮ್ಮ ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಾ ಬರುತ್ತಿತ್ತು. ಇದು ಊರಿನವರಿಗೆ ತಿಳಿದದ್ದೇ. ದೂರದ ಯಾತ್ರಿಕರಿಗೆ ತಿಳಿಯದು. ಒಂದು ವರ್ಷ ಊರಿನ ಕೆಲವು ಹಿರಿಯರು ಬಂದು, "ಮೇಷ್ಟ್ರೇ, ಘಟ್ಟಕ್ಕೆ ಒಂದು ಹಲಗೆ ಬರೆದುಕೊಡಿ. ಕನ್ನಡದಲ್ಲೂ ಇರಲಿ, ಇಂಗ್ಲಿಷಿನಲ್ಲೂ ಇರಲಿ" ಎಂದು ಕೇಳಿದರು. "ಮಳೆಗಾಲದಲ್ಲಿ ಯಾವಾಗಲೂ ನದಿಗೆ ಇಳಿಯಬಾರದು" ಎಂದು ಕನ್ನಡದಲ್ಲಿ ಬರೆದೆ. ಅದರ ಕೆಳಗೆ, ಪದಕ್ಕೆ ಪದ ಜೋಡಿಸಿ, "ಯು ಮಸ್ಟ್ ನಾಟ್ ಆಲ್ವೇಸ್ ಎಂಟರ್ ದಿ ರಿವರ್" ಎಂದು ಬರೆದೆ.

ನಾಲ್ಕಾರು ದಿನಗಳ ಮೇಲೆ ಘಟ್ಟದ ಬಳಿ ನಿಂತಿದ್ದೆ. ಉತ್ತರದ ಕಡೆಯ ವೃದ್ಧ ದಂಪತಿಗಳು ಬಂದರು. ಮುದುಕರು ಹಲಗೆಯನ್ನು ನಿಧಾನವಾಗಿ ಓದಿ, ನನ್ನ ಕಡೆ ತಿರುಗಿ, ಅತ್ಯಂತ ವಿನಯದಿಂದ ಇಂಗ್ಲಿಷಿನಲ್ಲಿ ಕೇಳಿದರು: "ಹಾಗಾದರೆ ಯಾವ ಹೊತ್ತಿನಲ್ಲಿ ಇಳಿಯಬಹುದು?"

ಅವರು ಹಾಸ್ಯಕ್ಕೆ ಕೇಳಿದ್ದಲ್ಲ. ನನ್ನ ಹಲಗೆ ಹೇಳುತ್ತಿದ್ದುದು ಅದನ್ನೇ: "ಯಾವಾಗಲೂ ಇಳಿಯತಕ್ಕದ್ದಲ್ಲ, ಕೆಲವು ವೇಳೆ ಇಳಿಯಬಹುದು." ಅವರ ಪತ್ನಿ ಆಗಲೇ ತಂಬಿಗೆ ಹಿಡಿದು ಎರಡು ಮೆಟ್ಟಿಲು ಇಳಿದಿದ್ದರು. ಅವರನ್ನು ಕೂಗಿ ಕರೆದೆವು. ಆ ರಾತ್ರಿಯೇ ಲಾಂದ್ರದ ಬೆಳಕಿನಲ್ಲಿ ಎರಡು ಪದಗಳನ್ನು ಅಳಿಸಿ, "ಯು ಮಸ್ಟ್ ನೆವರ್ ಎಂಟರ್" ಎಂದು ತಿದ್ದಿದೆ. ಇಷ್ಟು ವರ್ಷಗಳಾದರೂ ಆ ಪ್ರಶ್ನೆ ನನ್ನ ಕಿವಿಯಲ್ಲಿದೆ.

ತಪ್ಪು ಎಲ್ಲಿತ್ತು? ಇದು ನನ್ನೊಬ್ಬನ ಅಜ್ಞಾನವಷ್ಟೇ ಅಲ್ಲ, ಎರಡು ಭಾಷೆಗಳ ಮೈಕಟ್ಟಿನ ಪ್ರಶ್ನೆಯೂ ಹೌದು. ಕನ್ನಡದಲ್ಲಿ ಅನುಮತಿ, ಅಗತ್ಯ, ನಿಷೇಧ, ಸಂಭವ ಇವೆಲ್ಲ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ: ಇಳಿಯಬಹುದು, ಇಳಿಯಬೇಕು, ಇಳಿಯಬಾರದು. ಬಹುದು, ಬಾರದು ಎರಡೂ "ಬರು" ಎಂಬ ಧಾತುವಿನ ಮಕ್ಕಳೇ. ಬಾಲದಲ್ಲಿ ನಿಂತ "ಬಾರದು" ತನ್ನ ಹಿಂದಿನ ಮಾತನ್ನೆಲ್ಲ ಒಟ್ಟಿಗೆ ಮುಚ್ಚುತ್ತದೆ. "ಯಾವಾಗಲೂ ಸುಳ್ಳು ಹೇಳಬಾರದು" ಎಂದು ತಾಯಿ ಹೇಳಿದರೆ, ಆಗೊಮ್ಮೆ ಈಗೊಮ್ಮೆ ಹೇಳಬಹುದೆಂದು ಯಾವ ಮಗುವೂ ತಿಳಿಯುವುದಿಲ್ಲ.

ಇಂಗ್ಲಿಷಿನಲ್ಲಿ ಹಾಗಲ್ಲ. ಕ್ಯಾನ್, ಮೇ, ಮಸ್ಟ್, ಷುಡ್, ವಿಲ್ ಮೊದಲಾದ ಸಹಾಯಕ ಕ್ರಿಯಾಪದಗಳು ಮುಂದೆ ನಿಲ್ಲುತ್ತವೆ, ಮುಖ್ಯ ಕ್ರಿಯಾಪದ ಅವುಗಳ ಹಿಂದೆ ಬರುತ್ತದೆ. ಇವೆರಡರ ನಡುವೆ ಒಂದು ಕಿರಿದಾದ ಜಾಗವಿದೆ. ಆಲ್ವೇಸ್, ನೆವರ್, ಈಸಿಲಿ, ಪ್ರಾಬಬ್ಲಿಯಂಥ ಕ್ರಿಯಾವಿಶೇಷಣಗಳು ಸಾಮಾನ್ಯವಾಗಿ ಅಲ್ಲಿ ಕುಳಿತುಕೊಳ್ಳುತ್ತವೆ. "ಷಿ ವಿಲ್ ಪ್ರಾಬಬ್ಲಿ ಕಮ್", "ಯು ಕ್ಯಾನ್ ಈಸಿಲಿ ಲಿಫ್ಟ್ ಇಟ್." ಆದರೆ ವಾಕ್ಯದಲ್ಲಿ "ನಾಟ್" ಇದ್ದಾಗ ಎಚ್ಚರ ಬೇಕು. ಸಾಮಾನ್ಯವಾಗಿ ಅದು ತನ್ನ ಮುಂದಿರುವುದನ್ನು ಹಿಡಿಯುತ್ತದೆ. "ನಾಟ್ ಆಲ್ವೇಸ್" ಎಂದರೆ "ಯಾವಾಗಲೂ" ಎಂಬುದಕ್ಕಷ್ಟೇ ನಿಷೇಧ. ಅದರಂತೆ "ಐ ಕಾಂಟ್ ರಿಯಲಿ ಸೇ" ಎಂದರೆ "ಅಷ್ಟು ಖಚಿತವಾಗಿ ಹೇಳಲಾರೆ" ಎಂಬ ಮೆಲುದನಿ. "ಐ ರಿಯಲಿ ಕಾಂಟ್ ಸೇ" ಎಂದರೆ "ನನ್ನಿಂದ ಹೇಳಲು ಸಾಧ್ಯವೇ ಇಲ್ಲ" ಎಂಬ ಗಟ್ಟಿದನಿ. ಪದಗಳು ಅವೇ, ಬದಲಾದದ್ದು ಕುಳಿತ ಜಾಗ ಮಾತ್ರ.

ಇನ್ನೊಂದು ಪ್ರಸಂಗ. ಆಮೇಲೆ ನನಗೆ ನಂಜನಗೂಡಿಗೆ ವರ್ಗವಾಯಿತು. ಒಂದು ಸಂಜೆ ನೆರೆಯ ಬೀದಿಯ ತಾಯಿಯೊಬ್ಬರು ಮಗನಿಗೆ ಕಾರ್ಖಾನೆಯೊಂದರಿಂದ ಬಂದಿದ್ದ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರು. "ಏನಂತೆ ಮೇಷ್ಟ್ರೇ? ಕರೀತಾರಂತಾ?" ಕಾಗದದಲ್ಲಿ "ವಿ ಮೇ ಪಾಸಿಬ್ಲಿ ಕಾಲ್ ಯು" ಎಂದಿತ್ತು. ಹುಡುಗ ಅದನ್ನು "ಕರೆಯಬಹುದು" ಎಂದು ಮನೆಯಲ್ಲಿ ಓದಿ ಹೇಳಿದ್ದ; ಆ ನಂಬಿಕೆಯ ಮೇಲೆ ಅಂಗಡಿಯ ಕೆಲಸವನ್ನು ಬಿಡುವುದರಲ್ಲಿದ್ದ. ನಮ್ಮ "ಬಹುದು" ಬಹು ಉದಾರಿ. ಅನುಮತಿಗೂ ಅದೇ, ಆಸೆಗೂ ಅದೇ. ಇಂಗ್ಲಿಷಿನ "ಮೇ" ಪಕ್ಕದಲ್ಲಿ ಯಾವ ಕ್ರಿಯಾವಿಶೇಷಣ ಕುಳಿತಿದೆ ಎಂಬುದನ್ನು ನೋಡಿ ಅದರ ತೂಕವನ್ನು ಅಳೆಯಬೇಕು. "ಮೇ ವೆಲ್ ಕಾಲ್" ಎಂದಿದ್ದರೆ ಕರೆಯುವ ಸಂಭವ ಬಲವಾಗಿಯೇ ಇದೆ ಎಂದರ್ಥ. "ವಿಲ್ ಸರ್ಟನ್ಲಿ ಕಾಲ್" ಎಂದಿದ್ದರೆ ಕರೆದೇ ಕರೆಯುತ್ತಾರೆ. "ಮೇ ಪಾಸಿಬ್ಲಿ" ಎಂಬುದು ಎಲ್ಲಕ್ಕಿಂತ ತೆಳುವಾದ ಭರವಸೆ.

ಅದನ್ನು ಆ ತಾಯಿಗೆ ಹೇಗೆ ಹೇಳುವುದು? ಆಗ ನೆರವಿಗೆ ಬಂದದ್ದು ಕನ್ನಡವೇ. "ಕರೆದರೂ ಕರೆದಾರು ತಾಯಿ. ಹುಡುಗ ಸದ್ಯಕ್ಕೆ ಇರುವ ಕೆಲಸ ಬಿಡುವುದು ಬೇಡ" ಎಂದೆ. ಆಕೆಗೆ ಒಡನೆಯೇ ಅರ್ಥವಾಯಿತು. ಮುಖ ಸ್ವಲ್ಪ ಬಾಡಿತು, ಆದರೆ ಮೋಸ ಹೋಗಲಿಲ್ಲ.

ಇಂಗ್ಲಿಷ್ ಬೇರೊಂದು ಪದವನ್ನು ತಂದು ಕೂರಿಸಿ ಸಾಧಿಸುವುದನ್ನು ಕನ್ನಡವು ಕ್ರಿಯಾಪದದ ಒಳಗೇ ಸಾಧಿಸುತ್ತದೆ ಎಂಬುದನ್ನು ಆ ದಿನ ಕಂಡುಕೊಂಡೆ. ಬರಬೇಕು, ಬರಲೇಬೇಕು, ಬರಬಹುದು, ಬಂದರೂ ಬರಬಹುದು, ಬಾರದು, ಬರಲೇಬಾರದು. ಒಂದು "ಏ"ಕಾರ, ಒಂದು "ಊ"ಕಾರ ಸಾಕು. ಇದನ್ನು ಮರೆತಾಗಲೇ ನಾವು ಇಂಗ್ಲಿಷಿನಲ್ಲಿ ಎಡವುವುದು. ಮದುವೆಗೆ ಕರೆಯುವಾಗ "ಬರಲೇಬೇಕು" ಎಂಬ ಪ್ರೀತಿಯನ್ನು "ಯು ಮಸ್ಟ್ ಕಂಪಲ್ಸರಿಲಿ ಕಮ್" ಎಂದು ಹೇಳಿದರೆ, ಲಗ್ನಪತ್ರಿಕೆ ಸರ್ಕಾರಿ ಹುಕುಮಾಗುತ್ತದೆ. ಅಲ್ಲಿ ಸಲ್ಲುವ ಮಾತು "ಯು ರಿಯಲಿ ಮಸ್ಟ್ ಕಮ್." ಕ್ರಿಯಾವಿಶೇಷಣ ಇಲ್ಲಿ ನಡುವಿನ ಜಾಗವನ್ನು ಬಿಟ್ಟು "ಮಸ್ಟ್"ಗಿಂತ ಮುಂದೆ ನಿಂತಿದೆ. ಹಾಗೆ ನಿಂತು ಒತ್ತಾಯಕ್ಕೇ ಒತ್ತು ಕೊಡುತ್ತದೆ. ನಮ್ಮ "ಏ"ಕಾರದ ಕೆಲಸ ಅದೇ. "ಸ್ವಲ್ಪ ಕಾಯ್ತೀರಾ?" ಎಂಬಲ್ಲಿನ "ಸ್ವಲ್ಪ"ವೂ ಹಾಗೆಯೇ, ಅದು ಕಾಯುವ ಹೊತ್ತಿನ ಅಳತೆಯಲ್ಲ, ಮರ್ಯಾದೆ. ಇಂಗ್ಲಿಷಿನಲ್ಲಿ ಆ ಮರ್ಯಾದೆ "ಕುಡ್ ಯು ಪಾಸಿಬ್ಲಿ ವೇಟ್?" ಎಂಬಲ್ಲಿನ "ಪಾಸಿಬ್ಲಿ"ಯಲ್ಲಿದೆ. "ಲಿಟಲ್" ಎಂದು ಪದ ಹುಡುಕಿ ತಂದರೆ ಮರ್ಯಾದೆ ದಾರಿಯಲ್ಲೇ ಉಳಿಯುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದು ಇಷ್ಟೇ. ಇಂಗ್ಲಿಷಿನಲ್ಲಿ ಇಂಥ ವಾಕ್ಯ ಬರೆದ ಮೇಲೆ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿ ನೋಡಿ. "ಇಳಿಯಲೇಬಾರದು" ಎಂದು ಹೊರಟ ಮಾತು "ಕೆಲವು ವೇಳೆ ಇಳಿಯಬಹುದು" ಎಂದು ಹಿಂದಿರುಗಿದರೆ, ಎಲ್ಲೋ ಒಂದು ಪದ ತನ್ನದಲ್ಲದ ಜಾಗದಲ್ಲಿ ಕುಳಿತಿದೆ.

2018ರ ಆಗಸ್ಟ್ ತಿಂಗಳಲ್ಲಿ, ಮರುವರ್ಷ 2019ರ ಆಗಸ್ಟ್‌ನಲ್ಲಿ, ಕಪಿಲೆ ಉಕ್ಕಿ ನಂಜನಗೂಡಿನ ಸ್ನಾನಘಟ್ಟವನ್ನು ಮುಳುಗಿಸಿ ತಗ್ಗಿನ ಬೀದಿಗಳಿಗೂ ನುಗ್ಗಿದ್ದಳು. ಎರಡನೆಯ ಸಲ ನೀರು ನೋಡಲು ನಾನೂ ಹೋಗಿದ್ದೆ. ಅಡ್ಡಗಟ್ಟಿದ್ದ ಹಗ್ಗದ ಬಳಿ ಒಬ್ಬ ತರುಣ ನಿಂತಿದ್ದ. ಪರಸ್ಥಳದ ಕುಟುಂಬವೊಂದು ಹಗ್ಗ ದಾಟಲು ಬಂತು. ಆತ ಕೈ ಅಡ್ಡ ಹಿಡಿದು, "ಯು ಮಸ್ಟ್ ನಾಟ್ ಗೋ ಅಟ್ ಆಲ್" ಎಂದ. ಅವನ ಉಚ್ಚಾರಣೆಯಲ್ಲಿ ಕಪಿಲೆಯ ದಡದ ಕನ್ನಡವೇ ಇತ್ತು. ಆದರೆ ನಿಷೇಧದಲ್ಲಿ ಎಲ್ಲಿಯೂ ಸಂದಿರಲಿಲ್ಲ. ಆ ಕುಟುಂಬದವರು ಯಾವ ಹೊತ್ತಿನಲ್ಲಿ ಹೋಗಬಹುದೆಂದು ಕೇಳಲಿಲ್ಲ. ಮಕ್ಕಳ ಕೈ ಹಿಡಿದು ಹಿಂದಿರುಗಿದರು.

(ಬಾನುಲಿ ಭಾಷಣ)