ಮರಾಡಿಯ ಮೂರು ಬೀಗದ ಪೆಟ್ಟಿಗೆ

ಪುಟ್ಟದೊಂದು ಲೋಹದ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಕೀಲಿಗಳು ಮೂವರು ಹೆಂಗಸರ ಬಳಿ, ಪೆಟ್ಟಿಗೆ ಮಾತ್ರ ನಾಲ್ಕನೆಯವಳ ಮನೆಯಲ್ಲಿ. ಗುಂಪಿನವರೆಲ್ಲ ಸೇರಿ ಕುಳಿತಾಗಷ್ಟೇ, ಎಲ್ಲರ ಕಣ್ಣೆದುರಿಗೆ ಅದು ತೆರೆಯುತ್ತದೆ. ಇಂದು ಆಫ್ರಿಕಾದ ಹಲವು ದೇಶಗಳ ಹಳ್ಳಿಗಳಲ್ಲಿ ಕಾಣುವ ಈ ಏರ್ಪಾಡಿನ ತವರು ನೈಜರ್ ದೇಶದ ಮರಾಡಿ ಸೀಮೆ.

ನೈಜೀರಿಯಾದ ಉತ್ತರಕ್ಕಿರುವ ನೈಜರ್ ಬಹುಪಾಲು ಮರುಭೂಮಿ. ದಕ್ಷಿಣದ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಯನ್ನು ನಂಬಿ ಸಜ್ಜೆ, ಅಲಸಂದೆ ಬಿತ್ತುತ್ತಾರೆ. ಹೊಲದಲ್ಲಿ ದುಡಿಮೆ ಜಾಸ್ತಿ ಇರುವ ಆ ತಿಂಗಳುಗಳಲ್ಲೇ ಕಣಜ ಬರಿದಾಗುವುದು. ಕೈಯಲ್ಲಿ ಕಾಸಿಲ್ಲದೆ ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿದ ಸಜ್ಜೆಯನ್ನೇ ಆಗ ದುಬಾರಿ ಬೆಲೆಗೆ ಕೊಳ್ಳಬೇಕು. ಸುಗ್ಗಿ ಮುಗಿದರೆ ಗಂಡಸರು ನೈಜೀರಿಯಾದ ಕಡೆ ಗುಳೆ ಹೋಗುತ್ತಾರೆ, ಮನೆಯ ಭಾರ ಹೆಂಗಸರ ಮೇಲೆ ಬೀಳುತ್ತದೆ. ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೌಸಾ ಜನರ ಈ ನಾಡಿನ ಹೆಂಗಸರಿಗೆ ಉಳಿತಾಯ ಹೊಸದೇನಲ್ಲ. 'ಅದಾಶಿ' ಎಂಬ ಚೀಟಿ ವ್ಯವಹಾರ ಅಲ್ಲಿ ಹಳೆಯದು: ಎಲ್ಲರೂ ಸಮಪಾಲು ಹಾಕುತ್ತಾರೆ, ಸರದಿಯಂತೆ ಒಬ್ಬೊಬ್ಬರು ಇಡೀ ಗಂಟು ಪಡೆಯುತ್ತಾರೆ. ಆದರೆ ಮಗುವಿಗೆ ಜ್ವರ ಬರುವುದು ಸರದಿ ನೋಡಿಕೊಂಡಲ್ಲ. 1991ರಲ್ಲಿ ಕೇರ್ ಎಂಬ ನೆರವು ಸಂಸ್ಥೆ ಮರಾಡಿಯಲ್ಲಿ 'ಮಾತಾ ಮಾಸು ದುಬಾರಾ', ಅಂದರೆ ಜಾಣೆಯರು, ಎಂಬ ಹೆಸರಿನಲ್ಲಿ ಗುಂಪುಗಳನ್ನು ಕಟ್ಟಿದಾಗ ಹಳೆಯ ಪದ್ಧತಿಯನ್ನು ಅಳಿಸಲಿಲ್ಲ, ಸರದಿಯನ್ನು ಮಾತ್ರ ತೆಗೆಯಿತು. ಕೂಡಿದ ಹಣ ಸಾಲವಾಗಿ ಬೇಕಾದವರಿಗೆ ಹೋಗತೊಡಗಿತು. ಹೊರಗಿನಿಂದ ಒಂದು ಬಿಡಿಗಾಸೂ ಬರಲಿಲ್ಲ, ಸಂಸ್ಥೆ ಕೊಟ್ಟದ್ದು ತರಬೇತಿಯನ್ನು. ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಕಾಲಾಂತರದಲ್ಲಿ ಈ ಮಾದರಿಗೆ ಒಂದು ರೂಪ ಬಂದಿದೆ. ಗುಂಪಿನಲ್ಲಿ 15ರಿಂದ 25 ಮಂದಿ. ಪ್ರತಿ ಸಭೆಯಲ್ಲಿ ಒಬ್ಬೊಬ್ಬರು ಒಂದರಿಂದ ಐದು ಪಾಲು ಕೊಳ್ಳಬಹುದು, ಒಂದು ಪಾಲಿನ ಬೆಲೆಯನ್ನು ಅವರೇ ಗೊತ್ತುಮಾಡಿಕೊಳ್ಳುತ್ತಾರೆ. ಕೊಂಡ ಪಾಲಿಗೊಂದರಂತೆ ಪಾಸ್‌ಬುಕ್ಕಿನಲ್ಲಿ ಮುದ್ರೆ ಬೀಳುತ್ತದೆ. ಅಕ್ಷರ ಬಾರದವಳೂ ಮುದ್ರೆ ಎಣಿಸಬಲ್ಲಳು. ಮರಾಡಿಯ ಮೊದಲ ಗುಂಪುಗಳಲ್ಲಿ ಅದೂ ಇರಲಿಲ್ಲ, ಲೆಕ್ಕವೆಲ್ಲ ಬಾಯಲ್ಲೇ, ನೆನಪಿನಲ್ಲೇ. ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ 5ರಿಂದ 10. ಜಾಸ್ತಿ ಎನಿಸುವುದು ನಿಜ. ಆದರೆ ಅದು ಸಾಹುಕಾರನ ತಿಜೋರಿಗೆ ಹೋಗದೆ ಅದೇ ಪೆಟ್ಟಿಗೆಗೆ ಮರಳುತ್ತದೆ. ಕಾಯಿಲೆ, ಸಾವು, ಬಾಣಂತನಕ್ಕೆಂದು ಬೇರೆಯೇ ನಿಧಿ ಇರುತ್ತದೆ.

ವರ್ಷ ತುಂಬುವ ಹೊತ್ತಿಗೆ ಸಾಲವೆಲ್ಲ ವಸೂಲಾಗಬೇಕು. ಆಮೇಲೆ ಪೆಟ್ಟಿಗೆ ಬರಿದು ಮಾಡಿ, ಅಸಲು-ಬಡ್ಡಿ ಎರಡನ್ನೂ ಅವರವರ ಪಾಲಿಗೆ ತಕ್ಕಂತೆ ಹಂಚುತ್ತಾರೆ. ಬಾಕಿ ವರ್ಷದಿಂದ ವರ್ಷಕ್ಕೆ ಮುಚ್ಚಿಕೊಂಡು ಬೆಳೆಯದಂತೆ ತಡೆಯುವುದು ಈ ಹಂಚಿಕೆ. ಕೈಗೆ ಬಂದ ಗಂಟು ಅಲ್ಲಿನ ಹೆಂಗಸರ ಕಸುಬುಗಳಿಗೆ ಒದಗುತ್ತದೆ: ಶೇಂಗಾ ಎಣ್ಣೆ ತೆಗೆದು ಮಾರುವುದು, ಟಗರು ಮೇಯಿಸಿ ಬಕ್ರೀದ್ ಸಂತೆಗೆ ಒಯ್ಯುವುದು.

ಇದರಿಂದ ಬಡತನ ಹೋಯಿತೇ? ಹಾಗೆ ಹೇಳಲಾಗದು. ಘಾನಾ, ಮಲಾವಿ, ಉಗಾಂಡಾಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದು ಇಂಥ ಗುಂಪುಗಳಿಂದ ಉಳಿತಾಯ, ಸಣ್ಣ ವ್ಯಾಪಾರ, ಮನೆಯಲ್ಲಿ ಹೆಂಗಸರ ಮಾತಿನ ತೂಕ ಹೆಚ್ಚಿದ್ದನ್ನು ಕಂಡಿತು. ಮನೆಯ ಒಟ್ಟು ಖರ್ಚು-ವೆಚ್ಚದಲ್ಲಿ ಸರಾಸರಿ ಏರಿಕೆ ಕಾಣಲಿಲ್ಲ. ಮಳೆ ಕೈಕೊಟ್ಟ ವರ್ಷ ಪೆಟ್ಟಿಗೆ ಬೆಳೆ ತರಲಾರದು. ರಸ್ತೆ, ಶಾಲೆ, ಆಸ್ಪತ್ರೆ ಕೊಡುವುದು ಸರ್ಕಾರದ ಕೆಲಸ. ಹೆಂಗಸರು ಉಳಿಸುತ್ತಾರೆಂದು ಸರ್ಕಾರಗಳು ಕೈತೊಳೆದುಕೊಳ್ಳುವಂತಿಲ್ಲ. ಆದರೂ ಹಸಿವಿನ ತಿಂಗಳಲ್ಲಿ ಯಾರ ಮುಂದೆಯೂ ಕೈಚಾಚದೆ ಒಂದು ಚೀಲ ಸಜ್ಜೆ ತರುವಷ್ಟು ಶಕ್ತಿ ಸಣ್ಣದಲ್ಲ.

ನಮ್ಮಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲೇ ಸ್ವಸಹಾಯ ಗುಂಪುಗಳನ್ನು ಬೆಳೆಸಿತ್ತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸಿತು. ಅದರಿಂದ ದೊಡ್ಡ ಮೊತ್ತದ ಸಾಲ ಸಿಕ್ಕಿತು, ಜೊತೆಗೆ ಕಂತಿನ ಒತ್ತಡವೂ ಬಂತು. ಮರಾಡಿಯವರು ಹಿಡಿದದ್ದು ನಿಧಾನದ ದಾರಿ, ಅಲ್ಲಿ ತಿರುಗುವುದೆಲ್ಲ ತಮ್ಮದೇ ಹಣ. ಸಂಘಗಳಲ್ಲಿರುವ ನಮ್ಮ ಅಕ್ಕತಂಗಿಯರು ಮುಂದಿನ ಸಭೆಯಲ್ಲಿ ಪುಸ್ತಕ ತೆರೆಸಿ ಕೇಳಿ: ನಾವು ಕೊಡುತ್ತಿರುವ ಸಾಲದಲ್ಲಿ ನಮ್ಮ ಉಳಿತಾಯ ಎಷ್ಟು, ಬ್ಯಾಂಕಿನದು ಎಷ್ಟು, ಬಡ್ಡಿ ಯಾರಿಗೆ ಹೋಗುತ್ತಿದೆ?